ಆಟಗಾರನ ತಲೆ, ಆಟಗಾರನ ಮಂಡಿ

ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಊರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಬ್ಯಾನರುಗಳು ಕಾಣಿಸಿಕೊಳ್ಳುತ್ತವೆ. ಶಾಲೆಯ ಮೈದಾನವನ್ನೋ ಊರ ಮುಂದಿನ ಬಯಲನ್ನೋ ಹಸನು ಮಾಡಿ, ಸುಣ್ಣದ ಗೆರೆ ಎಳೆದು, ಕಂಬಗಳಿಗೆ ದೀಪ ಕಟ್ಟಿದರೆ ರಾತ್ರಿಯಿಡೀ ಆಟ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ ಈ ಆಟ ಬರಿಯ ಮೋಜಾಗಿ ಉಳಿದಿಲ್ಲ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್ ಎಂಬ ಒಬ್ಬನೇ ಆಟಗಾರನಿಗೆ ತೆಲುಗು ಟೈಟನ್ಸ್ ತಂಡ 2 ಕೋಟಿ 60 ಲಕ್ಷಕ್ಕೂ ಹೆಚ್ಚು ರೂಪಾಯಿ ಕೊಟ್ಟಿತು. ಅದನ್ನು ಟಿ.ವಿ.ಯಲ್ಲಿ ನೋಡಿದ ಹುಡುಗ 'ನಾನೂ ಆಟಗಾರನಾಗುತ್ತೇನೆ' ಎಂದರೆ ಆಶ್ಚರ್ಯವೇನೂ ಇಲ್ಲ.

ತಂದೆತಾಯಿಗಳ ಚಿಂತೆ ಬೇರೆ. 'ಕೈಕಾಲು ಮುರಿದುಕೊಂಡರೆ ಗತಿಯೇನು? ತಲೆಗೆ ಪೆಟ್ಟು ಬಿದ್ದರೆ ಏನು ಮಾಡುವುದು?' ಈ ಪ್ರಶ್ನೆಗಳಿಗೆ ಹೆದರಿಸುವ ಉತ್ತರವೂ ಬೇಡ, ತಾತ್ಸಾರದ ಉತ್ತರವೂ ಬೇಡ. ಮೈಗೆ ಮೈ ತಾಗಿಸಿ ಆಡುವ ಆಟಗಳು ದೇಹಕ್ಕೆ ಏನು ಮಾಡುತ್ತವೆ ಎಂಬ ಬಗ್ಗೆ ವೈದ್ಯವಿಜ್ಞಾನ ಸಾಕಷ್ಟು ಕಲಿತಿದೆ. ಅದರಲ್ಲಿ ದೊಡ್ಡ ಪಾಲು ಕಲಿತದ್ದು ಅಮೆರಿಕದ ಫುಟ್‌ಬಾಲ್ ಆಟಗಾರರಿಂದ.

ಉಕ್ಕಿನ ಮನುಷ್ಯನ ಕಥೆ

ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವ ಆಟ ನಾವು ಕಾಣುವ ಕಾಲ್ಚೆಂಡಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟವದು. ಒಂದೊಂದು ತಂಡದಲ್ಲಿ 11 ಮಂದಿ. ತಲೆಗೆ ಗಟ್ಟಿ ಶಿರಸ್ತ್ರಾಣ, ಹೆಗಲಿಗೆ ದಪ್ಪ ಮೆತ್ತೆ. ಒಂದು ಸುತ್ತಿನ ಆಟ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಆದರೆ ಪ್ರತಿ ಸುತ್ತಿನ ಆರಂಭದಲ್ಲೂ ಎದುರುಬದುರು ಸಾಲಿನವರು ಟಗರುಗಳಂತೆ ಡಿಕ್ಕಿ ಹೊಡೆಯುತ್ತಾರೆ. ಆ ಸಾಲಿನ ಆಟಗಾರರಲ್ಲಿ 130 ಕಿಲೋ ದಾಟಿದವರು ಈಗ ಸಾಮಾನ್ಯ.

1952ರಲ್ಲಿ ಹುಟ್ಟಿದ ಮೈಕ್ ವೆಬ್‌ಸ್ಟರ್ ವಿಸ್ಕಾನ್ಸಿನ್ ರಾಜ್ಯದವರು. 1974ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ ಸೇರಿದರು. ಸಾಲಿನ ನಟ್ಟನಡುವೆ ನಿಂತು ಚೆಂಡನ್ನು ಹಿಂದಕ್ಕೆ ಕೊಟ್ಟು, ಮರುಕ್ಷಣವೇ ಎದುರಾಳಿಯನ್ನು ತಲೆಯೊಡ್ಡಿ ತಡೆಯುವುದು ಅವರ ಕೆಲಸ. ಅವರಿದ್ದ ತಂಡ ನಾಲ್ಕು ಬಾರಿ ಆ ದೇಶದ ಅತಿ ದೊಡ್ಡ ಪ್ರಶಸ್ತಿಯಾದ ಸೂಪರ್ ಬೌಲ್ ಗೆದ್ದಿತು. ನೋವು ನುಂಗಿಕೊಂಡು ಆಡುತ್ತಿದ್ದ ಅವರನ್ನು ಜನ 'ಉಕ್ಕಿನ ಮೈಕ್' ಎಂದರು. ಕೊನೆಯ ಎರಡು ವರ್ಷ ಕಾನ್ಸಾಸ್ ಸಿಟಿ ತಂಡದಲ್ಲಿ ಆಡಿ, ಒಟ್ಟು 17 ಋತುಗಳ ನಂತರ 1990ರಲ್ಲಿ ಆಟ ಮುಗಿಸಿದರು.

ಆಮೇಲಿನ ಹನ್ನೆರಡು ವರ್ಷ ದುಃಖದ್ದು. ನೆನಪು ಕೈಕೊಟ್ಟಿತು. ಸಿಟ್ಟು, ಗೊಂದಲ, ನಿದ್ರೆಯಿಲ್ಲದ ರಾತ್ರಿಗಳು. ಸಂಸಾರ ಒಡೆಯಿತು, ಹಣ ಕರಗಿತು. ಎಷ್ಟೋ ರಾತ್ರಿ ತಮ್ಮ ವಾಹನದಲ್ಲೇ ಮಲಗಿದರು. 1997ರಲ್ಲಿ ಫುಟ್‌ಬಾಲಿನ ಮಹಾನ್ ಆಟಗಾರರ ಪಟ್ಟಿಗೆ ಅವರ ಹೆಸರು ಸೇರಿದಾಗಲೂ ಅವರ ಸ್ಥಿತಿ ಸುಧಾರಿಸಿರಲಿಲ್ಲ. 2002ರ ಸೆಪ್ಟೆಂಬರ್‌ನಲ್ಲಿ, 50ನೇ ವಯಸ್ಸಿಗೆ, ಹೃದಯಾಘಾತದಿಂದ ತೀರಿಕೊಂಡರು.

ಅವರ ಶವಪರೀಕ್ಷೆ ಮಾಡಿದವರು ನೈಜೀರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಡಾ. ಬೆನೆಟ್ ಒಮಾಲು. ಹೊರನೋಟಕ್ಕೆ ಮೆದುಳು ಸಹಜವಾಗಿಯೇ ಇತ್ತು. ತೆಳು ಪದರಗಳಾಗಿ ಕೊಯ್ದು ಸೂಕ್ಷ್ಮದರ್ಶಕದಡಿ ನೋಡಿದಾಗ 'ಟೌ' ಎಂಬ ಪ್ರೋಟೀನು ಅಲ್ಲಲ್ಲಿ ಗಂಟುಗಟ್ಟಿ ನಿಂತಿರುವುದು ಕಂಡಿತು. 2005ರಲ್ಲಿ ಪ್ರಕಟವಾದ ಈ ವರದಿಯ ನಂತರ 'ಸಿ.ಟಿ.ಇ.' ಎಂಬ ಮೂರಕ್ಷರ ಜಗತ್ತಿಗೆಲ್ಲ ಪರಿಚಯವಾಯಿತು. ತಲೆಗೆ ಪದೇ ಪದೇ ಬಿದ್ದ ಪೆಟ್ಟಿನಿಂದ ವರ್ಷಗಳ ನಂತರ ತಲೆದೋರುವ ಮೆದುಳಿನ ಸವೆತವೇ ಇದು. ಬಾಕ್ಸಿಂಗ್ ಆಡುವವರಲ್ಲಿ ಇಂಥ ಲಕ್ಷಣಗಳನ್ನು 1928ರಲ್ಲೇ ಡಾ. ಮಾರ್ಟ್‌ಲ್ಯಾಂಡ್ ವರ್ಣಿಸಿದ್ದರು. ಶಿರಸ್ತ್ರಾಣ ತೊಟ್ಟು ಆಡುವವರಿಗೂ ಬರಬಹುದೆಂದು ಮಾತ್ರ ಬಹಳ ಮಂದಿ ಎಣಿಸಿರಲಿಲ್ಲ.

2017ರಲ್ಲಿ ಬಾಸ್ಟನ್ನಿನ ಸಂಶೋಧಕರು ವೃತ್ತಿಪರ ಫುಟ್‌ಬಾಲ್ ಆಡಿ ತೀರಿಕೊಂಡ 111 ಮಂದಿಯ ಮೆದುಳು ಪರೀಕ್ಷಿಸಿ, 110ರಲ್ಲಿ ಈ ಕಾಯಿಲೆಯ ಗುರುತು ಕಂಡರು. ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಮೆದುಳನ್ನು ದಾನವಾಗಿ ಕೊಟ್ಟವರಲ್ಲಿ ಬಹುಪಾಲು 'ನಮ್ಮವರಿಗೆ ಏನೋ ಆಗಿತ್ತು' ಎಂದು ಅನುಮಾನವಿದ್ದ ಕುಟುಂಬಗಳು. ಆದ್ದರಿಂದ ಆಡಿದವರಿಗೆಲ್ಲ ಕಾಯಿಲೆ ಬರುತ್ತದೆಂದು ಇದರ ಅರ್ಥವಲ್ಲ. ಆದರೆ ಅಪಾಯ ನಿಜವೆಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಚಿಪ್ಪು ಮತ್ತು ಗಿಟುಕು

ಶಿರಸ್ತ್ರಾಣವಿದ್ದೂ ಮೆದುಳಿಗೆ ಪೆಟ್ಟಾಗುವುದು ಹೇಗೆ? ತೆಂಗಿನ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಕೊಬ್ಬರಿಗೆಂದು ಅಟ್ಟದಲ್ಲಿ ತಿಂಗಳುಗಟ್ಟಲೆ ಇಟ್ಟ ಕಾಯಿಯಲ್ಲಿ ನೀರು ಇಂಗಿ, ಗಿಟುಕು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಅಲ್ಲಾಡಿಸಿದರೆ ಗಡಗಡ ಸದ್ದು ಕೇಳುತ್ತದೆ. ಆ ಕಾಯಿಗೆ ಮೇಲಿನಿಂದ ಎಷ್ಟೇ ದಪ್ಪ ಬಟ್ಟೆ ಸುತ್ತಿ ಜೋರಾಗಿ ಅಲ್ಲಾಡಿಸಿ, ಚಿಪ್ಪು ಒಡೆಯದು. ಒಳಗಿನ ಗಿಟುಕು ಮಾತ್ರ ಚಿಪ್ಪಿಗೆ ಬಡಿಯುವುದು ತಪ್ಪದು.

ನಮ್ಮ ಮೆದುಳು ಕೊಬ್ಬರಿಯಂತೆ ಗಟ್ಟಿಯಲ್ಲ, ಗಂಜಿಯ ಕೆನೆಯಷ್ಟು ಮೃದು. ತಲೆಬುರುಡೆಯೊಳಗೆ ತೆಳುವಾದ ದ್ರವದಲ್ಲಿ ತೇಲುತ್ತಿರುತ್ತದೆ. ಓಡುತ್ತಿದ್ದ ತಲೆ ತಟ್ಟನೆ ನಿಂತಾಗ, ಇಲ್ಲವೆ ಒಂದು ಕಡೆಗೆ ಗಕ್ಕನೆ ತಿರುಗಿದಾಗ, ಮೆದುಳು ಒಳಗೇ ತೊನೆದಾಡಿ ಅದರ ನರತಂತುಗಳು ಎಳೆದಂತಾಗುತ್ತವೆ. ಶಿರಸ್ತ್ರಾಣ ಬುರುಡೆ ಒಡೆಯದಂತೆ ಕಾಯುತ್ತದೆ. ಒಳಗಿನ ತೊನೆದಾಟವನ್ನು ಪೂರ್ತಿ ತಡೆಯಲಾರದು. ತಲೆಗೆ ನೇರ ಪೆಟ್ಟೇ ಬೀಳಬೇಕೆಂದಿಲ್ಲ. ಎದೆಗೋ ಹೆಗಲಿಗೋ ಬಿದ್ದ ಭಾರಿ ಹೊಡೆತದಿಂದ ತಲೆ ಜಾಡಿಸಿದರೂ ಸಾಕು.

ಕಬಡ್ಡಿಯಲ್ಲಿ ಫುಟ್‌ಬಾಲಿನಷ್ಟು ಡಿಕ್ಕಿಗಳಿಲ್ಲ ಎಂಬುದು ಸಮಾಧಾನದ ಮಾತು. ಆದರೆ ಇಲ್ಲಿ ಶಿರಸ್ತ್ರಾಣವೂ ಇಲ್ಲ. ದಾಳಿಗೆ ಬಂದವನ ಪಾದ ಹಿಡಿಯಲು ನುಗ್ಗಿದವನ ಹಣೆಗೆ ಎದುರಾಳಿಯ ಮಂಡಿ ಬಡಿಯುತ್ತದೆ. ಸರಪಳಿ ಹಿಡಿದವರು ಒಟ್ಟಾಗಿ ಎತ್ತಿ ಕೆಡವಿದಾಗ ದಾಳಿಗಾರನ ಹಿಂದಲೆ ನೆಲಕ್ಕೆ ಅಪ್ಪಳಿಸುತ್ತದೆ. ಬೇಸಿಗೆಯಲ್ಲಿ ಗಟ್ಟಿಯಾದ ನೆಲವಾದರೆ ಹೇಳುವುದೇ ಬೇಡ.

ಲಕ್ಷಣಗಳು

ತಲೆಯ ಪೆಟ್ಟಿನಿಂದ ಮೆದುಳಿನ ಕೆಲಸ ತಾತ್ಕಾಲಿಕವಾಗಿ ಏರುಪೇರಾಗುವುದನ್ನು ವೈದ್ಯರು ಕನ್‌ಕಷನ್ ಎನ್ನುತ್ತಾರೆ. ಪ್ರಜ್ಞೆ ತಪ್ಪಿದರೆ ಮಾತ್ರ ಇದು ಆಗಿದೆ ಎಂಬುದು ತಪ್ಪು ತಿಳಿವಳಿಕೆ. ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ತಲೆನೋವು, ತಲೆಸುತ್ತು, ಓಕರಿಕೆ, ಕಣ್ಣು ಮಂಜಾಗುವುದು, ಬೆಳಕು ಮತ್ತು ಸದ್ದು ಸಹಿಸಲಾಗದಿರುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, 'ಎಷ್ಟು ಪಾಯಿಂಟಾಯಿತು? ಎದುರು ಯಾವ ಊರಿನ ತಂಡ?' ಎಂದರೆ ತಡವರಿಸುವುದು, ಇವು ಲಕ್ಷಣಗಳು. ಮರುದಿನ ಸಿಡುಕು, ಮಂಕು, ನಿದ್ರೆಯ ಏರುಪೇರು ಕಾಣಬಹುದು. ಸ್ಕ್ಯಾನಿಂಗಿನಲ್ಲಿ ಏನೂ ಕಾಣದಿದ್ದರೂ ಕನ್‌ಕಷನ್ ಆಗಿರಬಹುದು.

ಇಲ್ಲಿ ನಿಯಮ ಒಂದೇ: ಅನುಮಾನ ಬಂದರೆ ಆಟಗಾರ ಹೊರಗೆ. ಅಂದು ಮತ್ತೆ ಅಂಗಳಕ್ಕೆ ಇಳಿಯಕೂಡದು. ಮೊದಲ ಪೆಟ್ಟು ಮಾಯುವ ಮುನ್ನ ಬೀಳುವ ಎರಡನೆಯದು ಎಳೆಯರಲ್ಲಿ ಕೆಲವೊಮ್ಮೆ ಮೆದುಳು ಊದಿಕೊಂಡು ಪ್ರಾಣಕ್ಕೇ ಎರವಾಗುತ್ತದೆ. ಮೊದಲ ಒಂದೆರಡು ದಿನ ಹೆಚ್ಚು ಶ್ರಮವಿಲ್ಲದ ವಿಶ್ರಾಂತಿ, ಟಿ.ವಿ. ಮತ್ತು ಮೊಬೈಲ್ ಕಡಿಮೆ. ಬಳಿಕ ಲಘು ನಡಿಗೆ, ಶಾಲೆ, ಓಟ, ಒಬ್ಬನೇ ಮಾಡುವ ಅಭ್ಯಾಸ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಬೇಕು. ಲಕ್ಷಣಗಳು ಮರಳಿದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಹಿಡಿತ, ಡಿಕ್ಕಿಯ ಅಭ್ಯಾಸ ವೈದ್ಯರು ಒಪ್ಪಿದ ಮೇಲೆಯೇ.

ಕೆಲವು ಲಕ್ಷಣಗಳು ಕಂಡರೆ ಒಂದು ನಿಮಿಷವೂ ಕಾಯಬಾರದು: ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ಎಬ್ಬಿಸಲಾಗದಂಥ ಮಂಪರು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಕೈಕಾಲಿನ ಶಕ್ತಿ ಕುಂದುವುದು, ಕಿವಿ ಮೂಗಿನಿಂದ ರಕ್ತ ಇಲ್ಲವೆ ನೀರು ಸೋರುವುದು. ಬಿದ್ದವನು ಎದ್ದು ಕುಳಿತು ಮಾತನಾಡಿ, ಒಂದೆರಡು ಗಂಟೆಯ ನಂತರ ಮಂಕಾಗುವುದುಂಟು. ಬುರುಡೆಯೊಳಗೆ ರಕ್ತ ಸೋರಿ ಶೇಖರವಾಗುತ್ತಿದ್ದರೆ ಹೀಗಾಗುತ್ತದೆ. 108ಕ್ಕೆ ಕರೆ ಮಾಡಿ, ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ಒಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ನರರೋಗ ಆಸ್ಪತ್ರೆ ತಿಪಟೂರಿಗೆ ಸುಮಾರು 140 ಕಿ.ಮೀ. ದೂರ. 'ಬೆಳಗಾಗಲಿ, ನೋಡೋಣ' ಎಂದು ಕಳೆದ ರಾತ್ರಿ ಮರಳಿ ಬರುವುದಿಲ್ಲ. ಕುತ್ತಿಗೆ ನೋವೆಂದರೆ, ಕೈಕಾಲು ಜೋಮು ಹಿಡಿದಿದ್ದರೆ, ಎತ್ತಿ ಕೂರಿಸಬೇಡಿ. ತಲೆ ಕುತ್ತಿಗೆ ಅಲುಗದಂತೆ ಹಿಡಿದು, ಮಟ್ಟವಾದ ಹಲಗೆಯ ಮೇಲೆ ಸಾಗಿಸಿ.

ಮಂಡಿಯೊಳಗಿನ ಹಗ್ಗ

ಕಬಡ್ಡಿ ಆಟಗಾರರನ್ನು ಬಹಳವಾಗಿ ಕಾಡುವುದು ಮಂಡಿ. ಅದರೊಳಗೆ ಕತ್ತರಿಯಂತೆ ಅಡ್ಡಹಾಯ್ದ ಎರಡು ಅಸ್ಥಿರಜ್ಜುಗಳು ತೊಡೆಮೂಳೆ ಮತ್ತು ಕಾಲಮೂಳೆಯನ್ನು ಬಿಗಿಹಿಡಿದಿರುತ್ತವೆ. ಮುಂದಿನದು ಎ.ಸಿ.ಎಲ್. ಪಾದ ನೆಲಕ್ಕೆ ಊರಿರುವಾಗ ಮೈ ಮಾತ್ರ ತಿರುಗಿದರೆ ಇದು ಹರಿಯುತ್ತದೆ. ದಾಳಿಗಾರನ ಪಾದ ಎದುರಾಳಿಯ ಕೈಯಲ್ಲಿ ಸಿಕ್ಕಿಕೊಂಡು, ಮೈ ಮಧ್ಯದ ಗೆರೆಯ ಕಡೆಗೆ ಜಿಗಿಯುವ ಹೊತ್ತು ಸರಿಯಾಗಿ ಅಂಥದ್ದು. ಮಣ್ಣಿನಲ್ಲಾದರೆ ಪಾದ ಸ್ವಲ್ಪ ಜಾರುತ್ತದೆ. ಮ್ಯಾಟಿಗೆ ಬೂಟು ಕಚ್ಚಿಕೊಂಡರೆ ತಿರುಚಿದ ಬಲವೆಲ್ಲ ಮಂಡಿಗೇ.

'ಪಟ್' ಎಂದು ಏನೋ ಕಿತ್ತಂತಾಗುವುದು, ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಳ್ಳುವುದು, ವಾರಗಳ ನಂತರ ನೋವು ಇಳಿದರೂ ತಿರುಗುವಾಗ ಮಂಡಿ ಕುಸಿದಂತಾಗುವುದು ಇದರ ಗುರುತು. ನಡುವೆ ಹರಿದ ನಾರಿನ ಹಗ್ಗ ತಾನಾಗಿಯೇ ಹೊಸೆದುಕೊಳ್ಳುವುದಿಲ್ಲವಷ್ಟೆ. ಪೂರ್ತಿ ಹರಿದ ಎ.ಸಿ.ಎಲ್. ಕೂಡ ಸಾಮಾನ್ಯವಾಗಿ ಹಾಗೆಯೇ. ಎಣ್ಣೆ ಹಚ್ಚಿ ನೀವಿದರೆ ಅದು ಕೂಡಿಕೊಳ್ಳದು. ಪೆಟ್ಟಾದ ಮೊದಲ ಎರಡು ಮೂರು ದಿನ ಉಜ್ಜುವುದು, ಬಿಸಿ ಶಾಖ ಕೊಡುವುದು ಊತವನ್ನೇ ಹೆಚ್ಚಿಸುತ್ತದೆ. ಬಿದಿರಿನ ದಬ್ಬೆ ಇಟ್ಟು ಅತಿ ಬಿಗಿಯಾಗಿ ಕಟ್ಟಿದರೆ ರಕ್ತಸಂಚಾರ ನಿಂತು ಕಾಲಿಗೇ ಅಪಾಯ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15-20 ನಿಮಿಷ ಇಡಿ. ಹದವಾಗಿ ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಡಿ. ಮೂಳೆ ವೈದ್ಯರಲ್ಲಿ ತೋರಿಸಿ.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ತಿರುಗಿ ಜಿಗಿಯುವ ಆಟಕ್ಕೆ ಮರಳಬೇಕೆಂದರೆ ತೊಡೆಯ ಸ್ನಾಯುವಿನ ತಂತು ತೆಗೆದು ಹೊಸ ರಜ್ಜು ಕಟ್ಟುವ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಸೂಚಿಸುತ್ತಾರೆ. ಅಸಲು ಕೆಲಸ ಅದರ ನಂತರದ ವ್ಯಾಯಾಮದ್ದು. ಕನಿಷ್ಠ ಒಂಬತ್ತು ತಿಂಗಳು ಕಳೆಯದೆ, ಪೆಟ್ಟಾದ ಕಾಲಿಗೆ ಇನ್ನೊಂದರಷ್ಟೇ ಬಲ ಬಾರದೆ, ಅಂಗಳಕ್ಕೆ ಇಳಿದವರಲ್ಲಿ ಮತ್ತೆ ಹರಿಯುವುದು ಹೆಚ್ಚು.

ಮೇಲೆ ಹೇಳಿದ ಪವನ್ ಸೆಹ್ರಾವತ್ ಅವರನ್ನೇ ನೋಡಿ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್‌ಗೆ ಪ್ರಶಸ್ತಿ ತಂದುಕೊಟ್ಟ ಫೈನಲ್‌ನಲ್ಲಿ ಅವರೊಬ್ಬರೇ 22 ಪಾಯಿಂಟ್ ಗಳಿಸಿದ್ದರು. 2022ರ ಅಕ್ಟೋಬರ್‌ನಲ್ಲಿ ತಮಿಳ್ ತಲೈವಾಸ್ ಪರ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಆಡಿದ ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟಾಯಿತು. ಆ ಇಡೀ ಋತು ಅವರು ಹೊರಗಿದ್ದರು. ಒಂದು ವರ್ಷದ ನಂತರ, 2023ರ ಅಕ್ಟೋಬರ್‌ನಲ್ಲಿ, ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಚಿನ್ನ ಗೆದ್ದಾಗ ತಂಡದ ನಾಯಕ ಅವರೇ. ಋತುವೊಂದನ್ನು ಬಿಟ್ಟುಕೊಟ್ಟದ್ದರಿಂದ ಆಟ ಕೈತಪ್ಪಲಿಲ್ಲ.

ಮಂಡಿಯ ಲೆಕ್ಕ ಆಟದೊಂದಿಗೆ ಮುಗಿಯುವುದಿಲ್ಲ. ಎ.ಸಿ.ಎಲ್. ಇಲ್ಲವೆ ಮಂಡಿಯ ಮೆತ್ತೆ ಹರಿದವರಲ್ಲಿ 10-20 ವರ್ಷಗಳೊಳಗೆ ಸುಮಾರು ಅರ್ಧದಷ್ಟು ಮಂದಿಗೆ ಸವೆತದ ಸಂಧಿವಾತ ಕಾಣಿಸಿಕೊಳ್ಳುತ್ತದೆ. 20ರ ವಯಸ್ಸಿನ ಪೆಟ್ಟಿಗೆ 40ರ ಒಳಗೇ ಮುದಿತನದ ಮಂಡಿ. ತೊಡೆಯ ಸ್ನಾಯುಗಳನ್ನು ಬಲವಾಗಿಡುವುದು, ತೂಕ ಏರದಂತೆ ನೋಡಿಕೊಳ್ಳುವುದು ಇದನ್ನು ಮುಂದೂಡುವ ದಾರಿ. ನಮ್ಮ ಸೀಮೆಯಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ರಾತ್ರಿ ಆಟ ಆಡುವ ಹುಡುಗನೇ ಹಗಲು ತೋಟದಲ್ಲಿ ಕಾಯಿ ಕೆಡವಲು ಮರ ಹತ್ತುತ್ತಾನೆ. ಮಂಡಿ ಕುಸಿಯುತ್ತದೆ ಎನ್ನುವವನು, ತಲೆಪೆಟ್ಟಿನ ನಂತರ ತಲೆ ಸುತ್ತುತ್ತದೆ ಎನ್ನುವವನು, ವೈದ್ಯರು ಹೇಳುವವರೆಗೆ ಮರ ಹತ್ತಕೂಡದು.

ತೂಕ, ಊಟ, ನೋವಿನ ಮಾತ್ರೆ

ಫುಟ್‌ಬಾಲ್ ಸಾಲಿನವರು ಮೈ ಬೆಳೆಸಲು ತಿಂದರೆ, ನಮ್ಮ ಹುಡುಗರು ತೂಕ ಇಳಿಸಲು ಉಪವಾಸ ಬೀಳುತ್ತಾರೆ. ಪ್ರೊ ಕಬಡ್ಡಿಯಲ್ಲಿ 85 ಕಿಲೋ ಮಿತಿ. ಹಳ್ಳಿ ಪಂದ್ಯಾವಳಿಗಳಲ್ಲೂ ತೂಕದ ವಿಭಾಗಗಳಿವೆ. ಎರಡು ಮೂರು ಕಿಲೋ ಇಳಿಸಲೆಂದು ಎರಡು ದಿನ ನೀರು ಬಿಡುವುದು, ದಪ್ಪ ಬಟ್ಟೆ ತೊಟ್ಟು ಬಿಸಿಲಲ್ಲಿ ಓಡುವುದು, ಭೇದಿ ಮಾತ್ರೆ ನುಂಗುವುದು ಮೂತ್ರಪಿಂಡಕ್ಕೂ ಹೃದಯಕ್ಕೂ ಅಪಾಯ. ಹಾಗೆ ಇಳಿಯುವುದು ನೀರೇ ಹೊರತು ಕೊಬ್ಬಲ್ಲ. ತೂಕ ಇಳಿಯಲೇಬೇಕಿದ್ದರೆ ತಿಂಗಳುಗಳ ಮುಂಚೆ, ನಿಧಾನವಾಗಿ.

ಆಟಗಾರನಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನು ಸಾಕು. 60 ಕಿಲೋ ತೂಗುವವನಿಗೆ 72ರಿಂದ 96 ಗ್ರಾಂ. ಮುದ್ದೆಯ ಜೊತೆ ಹುರುಳಿ ಸಾರು, ಅವರೆ, ಮೊಳಕೆಕಾಳು, ಹಾಲು ಮೊಸರು, ಕಡಲೇಕಾಯಿ, ಮೊಟ್ಟೆ, ತಿನ್ನುವವರಿಗೆ ಮೀನು ಮಾಂಸ, ಇವುಗಳಲ್ಲೇ ಇದನ್ನು ಹೊಂದಿಸಬಹುದು. ಸಾವಿರಾರು ರೂಪಾಯಿಯ ಡಬ್ಬದ ಪುಡಿ ಅನಿವಾರ್ಯವಲ್ಲ. ಏನು ಬೆರೆತಿದೆಯೋ ತಿಳಿಯದ ಪುಡಿ, ಮೈಕಟ್ಟಿಗೆಂದು ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಯಕೃತ್ತು, ಹೃದಯ, ಸಂತಾನಶಕ್ತಿಯನ್ನು ಕೆಡಿಸಬಲ್ಲವು. ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ವರ್ಷಗಟ್ಟಲೆ ನಿಷೇಧ.

ಎಳನೀರು ಒಳ್ಳೆಯದೇ. ಅದರಲ್ಲಿ ಪೊಟ್ಯಾಸಿಯಂ ಹೇರಳ. ಆದರೆ ಬೆವರಿನಲ್ಲಿ ಹೆಚ್ಚಾಗಿ ಹೋಗುವುದು ಉಪ್ಪಿನ ಸೋಡಿಯಂ. ಹಲವು ಪಂದ್ಯ ಆಡುವ ರಾತ್ರಿ ಎಳನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆಯೋ ಒ.ಆರ್.ಎಸ್. ದ್ರಾವಣವೋ ಇರಲಿ. ಮೂತ್ರಪಿಂಡದ ಕಾಯಿಲೆ ಇರುವವರು ಎಳನೀರಿಗೂ ವೈದ್ಯರನ್ನು ಕೇಳಬೇಕು. ನೋವಿನ ಮಾತ್ರೆ ನುಂಗಿ, ಚುಚ್ಚುಮದ್ದು ಹಾಕಿಸಿಕೊಂಡು ಪಂದ್ಯ ಆಡುವುದು ಮನೆಗೆ ಬೆಂಕಿ ಬಿದ್ದಾಗ ಗಂಟೆಯ ನಾಲಿಗೆ ಕಟ್ಟಿದಂತೆ. ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಈ ಮಾತ್ರೆಗಳು ಮೂತ್ರಪಿಂಡಕ್ಕೂ ಕೆಡುಕು.

ಆಟ ಮುಗಿದ ಮೇಲೆ

ಡಿಕ್ಕಿಯ ಆಟಗಳಲ್ಲಿ ವೃತ್ತಿಜೀವನ ಕಿರಿದು. ಮೂವತ್ತೈದರ ಹೊತ್ತಿಗೆ ಬಹುತೇಕ ಎಲ್ಲ ಮುಗಿದಿರುತ್ತದೆ. ಬದುಕು ಮಾತ್ರ ಇನ್ನೂ ಅರ್ಧದಷ್ಟು ಉಳಿದಿರುತ್ತದೆ. ವೆಬ್‌ಸ್ಟರ್ ಅವರ ಕಥೆಯಿಂದ ಕಲಿಯಬೇಕಾದ ಇನ್ನೊಂದು ಪಾಠವಿದು. ನಮ್ಮ ರಾಜ್ಯದಲ್ಲಿ ಒಳ್ಳೆಯ ಉದಾಹರಣೆಗಳಿವೆ. 2001ರ ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್ ಆಟ ಬಿಟ್ಟ ಮೇಲೆ ತರಬೇತುದಾರರಾದರು. ಅವರ ಮಾರ್ಗದರ್ಶನದಲ್ಲಿ ಬೆಂಗಾಲ್ ವಾರಿಯರ್ಸ್ 2019ರಲ್ಲೂ ಪುಣೇರಿ ಪಲ್ಟನ್ 2024ರಲ್ಲೂ ಪ್ರೊ ಕಬಡ್ಡಿ ಗೆದ್ದವು. 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳ ಚಿನ್ನದ ತಂಡದಲ್ಲಿದ್ದ ತೇಜಸ್ವಿನಿ ಬಾಯಿ ಮುಂದೆ ಭಾರತ ಮಹಿಳಾ ತಂಡಕ್ಕೆ ತರಬೇತಿ ಕೊಟ್ಟರು. ಕಾರ್ಕಳ ತಾಲ್ಲೂಕಿನ ಹಳ್ಳಿಯಿಂದ ಬಂದ ಮಮತಾ ಪೂಜಾರಿ ರೈಲ್ವೆಯಲ್ಲಿ ಉದ್ಯೋಗ ಪಡೆದು ಆಡಿದವರು. 2014ರಲ್ಲಿ ಅರ್ಜುನ ಪ್ರಶಸ್ತಿ ಗಳಿಸಿದರು.

ಆದ್ದರಿಂದ ಮಗ ಆಡಲಿ, ಮಗಳೂ ಆಡಲಿ. ಆದರೆ ಓದು ಬಿಡುವುದು ಬೇಡ. ರೈಲ್ವೆ, ಪೊಲೀಸ್, ಬ್ಯಾಂಕುಗಳ ಕ್ರೀಡಾ ಕೋಟಾದ ಕೆಲಸಕ್ಕೂ ವಿದ್ಯಾರ್ಹತೆ ಕೇಳುತ್ತಾರೆ. ಇನ್ನೊಂದು ಮಾತು: ಆಟ ಬಿಟ್ಟವರಲ್ಲಿ ಖಿನ್ನತೆ, ಕುಡಿತ, ವಿಪರೀತ ಸಿಟ್ಟು, ಮರೆವು ಕಂಡರೆ 'ಮೊದಲಿನಂತಿಲ್ಲ, ಸೊಕ್ಕು' ಎಂದು ತಳ್ಳಿಹಾಕದೆ ವೈದ್ಯರ ಬಳಿ ಕರೆದೊಯ್ಯಿರಿ. ಹಳೆಯ ತಲೆಪೆಟ್ಟುಗಳ ವಿಷಯವನ್ನೂ ತಿಳಿಸಿ. ಸಿ.ಟಿ.ಇ. ಇದೆಯೆಂದು ಬದುಕಿರುವಾಗ ಖಚಿತವಾಗಿ ಹೇಳುವ ಪರೀಕ್ಷೆ ಇನ್ನೂ ಇಲ್ಲ. ಖಿನ್ನತೆಗೆ, ನಿದ್ರಾಹೀನತೆಗೆ, ಕುಡಿತಕ್ಕೆ ಚಿಕಿತ್ಸೆ ಖಂಡಿತ ಇದೆ.

ನೆನಪಿಡಬೇಕಾದ ಅಂಶಗಳು

1. ಪಂದ್ಯಾವಳಿ ನಡೆಸುವವರು ಟ್ರೋಫಿಯ ಖರ್ಚಿನ ಜೊತೆಗೆ ಒಂದು ಪೆಟ್ಟಿಗೆ ಮಂಜುಗಡ್ಡೆ, ಕ್ರೇಪ್ ಬ್ಯಾಂಡೇಜ್, ಉದ್ದನೆಯ ಹಲಗೆ, ಸಿದ್ಧವಾಗಿ ನಿಂತ ಒಂದು ವಾಹನಕ್ಕೂ ಹಣವಿಡಲಿ.

2. ಅಂಗಳವನ್ನು ಅಗೆದು, ಕಲ್ಲು ಆರಿಸಿ, ಮೃದುವಾಗಿಸಿ. ಗೆರೆಯ ಸುತ್ತ ಕಂಬ, ಕುರ್ಚಿ, ಜನರ ಗುಂಪು ಬೇಡ.

3. 'ಇವನು ಹೊರಗೆ' ಎಂದು ಹೇಳುವ ಅಧಿಕಾರ ತಂಡದ ನಾಯಕನಿಗಲ್ಲದೆ, ಗೆಲುವು ಸೋಲಿನ ಹಂಗಿಲ್ಲದ ಒಬ್ಬ ಹಿರಿಯರಿಗಿರಲಿ.

4. ಒಂದೇ ತೂಕದ ಎಳೆಯರನ್ನೂ ಬೆಳೆದವರನ್ನೂ ಎದುರುಬದುರು ನಿಲ್ಲಿಸಬೇಡಿ. ತೂಕ ಒಂದೇ ಆದರೂ ಮೂಳೆಯ ಬಲ ಒಂದೇ ಅಲ್ಲ.

5. ಆಟಕ್ಕೆ ಮುನ್ನ 15 ನಿಮಿಷ ಮೈ ಬಿಸಿ ಮಾಡುವ ವ್ಯಾಯಾಮ. ವಾರಕ್ಕೆ ಎರಡು ಮೂರು ದಿನ ಬಸ್ಕಿ, ಒಂಟಿಕಾಲ ಸಮತೋಲನ, ಜಿಗಿದು ಮಂಡಿ ಬಾಗಿಸಿ ಇಳಿಯುವ ಅಭ್ಯಾಸ. ಇಂಥ ವ್ಯಾಯಾಮಗಳು ಮಂಡಿಯ ಪೆಟ್ಟನ್ನು ಕಡಿಮೆ ಮಾಡುತ್ತವೆಂಬುದು ಹಲವು ಆಟಗಳಲ್ಲಿ ಸಾಬೀತಾಗಿದೆ.

6. ರಾತ್ರಿ ಆಡಿ ಬಂದ ಮಗನನ್ನು 'ಗೆದ್ದೆಯಾ?' ಎಂದು ಕೇಳಿದ ಮೇಲೆ 'ತಲೆಗೇನಾದರೂ ತಾಗಿತೇನಪ್ಪಾ?' ಎಂದೂ ಕೇಳಿ. ಹುಡುಗರು ಪೆಟ್ಟನ್ನು ಮುಚ್ಚಿಡುವುದು ಮುಂದಿನ ಪಂದ್ಯಕ್ಕೆ ಬಿಡುವುದಿಲ್ಲವೆಂಬ ಭಯದಿಂದ. ಹೇಳಿದರೆ ಬೈಗುಳವಿಲ್ಲ, ವಾಸಿಯಾದ ಮೇಲೆ ಮತ್ತೆ ಆಡಬಹುದು ಎಂಬ ನಂಬಿಕೆ ಮನೆಯಲ್ಲಿದ್ದರೆ ಅವರು ಮುಚ್ಚಿಡುವುದಿಲ್ಲ.